ಕುರಿ ಹಿಂದೆ ನಡೆದ ಹಾಡು

ಕುರಿಗಾಹಿಯ ಮೈಮೇಲೆ ಏನೇನು ಇರುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಕಂಬಳಿ, ಕೋಲು, ಬುತ್ತಿ ಗಂಟು, ನೀರಿನ ಬಾಟಲಿ ಎಂದು ಲೆಕ್ಕ ಒಪ್ಪಿಸುತ್ತಾರೆ. ಕೊರಳಲ್ಲಿ ಜೋತಾಡುತ್ತಿದ್ದ ರೇಡಿಯೊ ಯಾರ ನೆನಪಿಗೂ ಬರುವುದಿಲ್ಲ. ಆದರೆ ನಮ್ಮ ಬಯಲುಸೀಮೆಯಲ್ಲಿ ನಡೆಯುತ್ತ ನಡೆಯುತ್ತ ಹಾಡು ಕೇಳಿದ ಮೊದಲ ಜನರಲ್ಲಿ ಅವರೂ ಇದ್ದರು. ಪೇಟೆಯ ಮಂದಿ ಬೆಳಿಗ್ಗೆ ನಾಯಿ ಹಿಡಿದುಕೊಂಡು, ಕಿವಿಗೆ ವೈರ್ ಸಿಕ್ಕಿಸಿಕೊಂಡು ವಾಕಿಂಗ್ ಹೊರಡುವುದಕ್ಕೆ ಎಷ್ಟೋ ವರ್ಷ ಮೊದಲೇ ಇವರು ನಾಯಿ, ಹಾಡು ಎರಡನ್ನೂ ಜೊತೆಗಿಟ್ಟುಕೊಂಡು ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುತ್ತಿದ್ದರು.

ಕಳೆದ ಚಳಿಗಾಲದಲ್ಲಿ ನಾವು ಮೂವರು ಗದಗ ಸೀಮೆಯ ಎರೆಹೊಲಗಳಲ್ಲಿ ಒಂದು ಕುರಿಹಿಂಡಿನ ಜೊತೆ ಎರಡು ದಿನ ನಡೆದೆವು. ಹೋಗಿದ್ದು ಉಣ್ಣೆಗೆ ಬೆಲೆ ಇಲ್ಲದ ಸುದ್ದಿ ಬರೆಯಲು. ಆ ಸುದ್ದಿ ಬರೆದೂ ಆಯಿತು. ಆದರೆ ಸಾಮಾನು ಹೊರುವ ಕುದುರೆಯ ಮೇಲೆ, ಪಾತ್ರೆ ಮತ್ತು ಬಲೆಯ ನಡುವೆ, ಚರ್ಮದ ಕವಚದಲ್ಲಿದ್ದ ಒಂದು ಹಳೆಯ ಟ್ರಾನ್ಸಿಸ್ಟರ್ ಕಣ್ಣಿಗೆ ಬಿತ್ತು. ಅದು ಎಪ್ಪತ್ತು ದಾಟಿದ ಅಜ್ಜನದು.

“ಅಜ್ಜಾ, ಇದು ಇನ್ನೂ ಹಾಡತೈತೇನ್ರಿ?” ಎಂದು ಕೇಳಿದೆವು.

“ಸೆಲ್ ಹಾಕಿದ್ರ ಕರ್ ಅಂತೈತಿ, ಅಷ್ಟ,” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಸೇರಿಸಿದರು: “ಹಾಡು ಕೇಳಾಕ ಅಂತ ಯಾರ್ ತಂದಿದ್ರೋ ತಮ್ಮಾ? ಎಚ್ಚರ ಇರಾಕ ತಂದಿದ್ವಿ.”

ಆ ಮಾತು ನಮ್ಮನ್ನು ಬಿಡಲಿಲ್ಲ. ಹಾಡು ಕೇಳಿದರೆ ಮೈಮರೆಯುತ್ತೇವೆ ಎಂದು ನಾವು ತಿಳಿದಿದ್ದೆವು. ಇವರು ಎಚ್ಚರ ಇರಲು ಎನ್ನುತ್ತಿದ್ದಾರೆ.

ಮನುಷ್ಯ, ನಾಯಿ, ಕೈಯಲ್ಲಿ ಹಿಡಿದು ನಡೆಯುವ ಸಂಗೀತ – ಈ ಮೂರರ ನಂಟು ರೇಡಿಯೊಗಿಂತ ಬಹಳ ಹಳೆಯದು. ನಮ್ಮಲ್ಲಿ ಅದು ದೇವರಿಂದಲೇ ಶುರುವಾಗುತ್ತದೆ. ಮೈಲಾರಲಿಂಗನ ಜೊತೆ ನಾಯಿ ಇರುತ್ತದೆ. ಅವನ ಹೆಸರಲ್ಲಿ ದೀಕ್ಷೆ ಪಡೆದ ಗೊರವರ ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಪಿಳ್ಳಂಗೋವಿ. ಊರಿಂದ ಊರಿಗೆ ನಡೆಯುವಾಗ ಎರಡೂ ಜೊತೆಗೆ ಹೋಗುತ್ತವೆ. ಜಾತ್ರೆಯಲ್ಲಿ ದೋಣಿ ತುಂಬಿಸುವಾಗ ಗೊರವರು ನಾಯಿಯಂತೆ ಬೊಗಳುತ್ತ, ನಾಯಿಯಂತೆಯೇ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರಣಿಕ ಕೇಳಲು ಹೋದವರು ಇದನ್ನು ಕಂಡೇ ಇರುತ್ತೀರಿ. ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ಕುರಿ ಕಾಯುವವರಿಗೆ ವಿಚಿತ್ರವೇನಲ್ಲ. ರಾತ್ರಿಯಿಡೀ ಹಿಂಡು ಕಾಯುವ ಪ್ರಾಣಿಯನ್ನು ದೇವರ ಪಕ್ಕದಲ್ಲಿ ಕೂರಿಸದೆ ಇನ್ನೆಲ್ಲಿ ಕೂರಿಸಬೇಕು?

ಈ ಕಾಲದ ಹಾಡಿಗೆ ಒಂದು ಗುಣವಿತ್ತು. ಕೊಳಲು ಊದಲಿ, ಹಾಲುಮತದ ಪದ ಗುನುಗಲಿ, ಹಾಡು ಹುಟ್ಟುವುದು ಕಾಯುವವನ ಉಸಿರಿನಿಂದಲೇ. ಹಳ್ಳದ ಕಡೆ ಏನೋ ಸದ್ದಾಯಿತು ಎಂದರೆ ಉಸಿರು ಹಿಡಿದರಾಯಿತು, ಹಾಡು ನಿಲ್ಲುತ್ತದೆ. ಬಟನ್ ಹುಡುಕಬೇಕಿಲ್ಲ.

ಯಂತ್ರದ ಹಾಡು ನಮ್ಮ ಊರುಗಳಿಗೆ ಬಂದಾಗಲೂ ಅದರ ಮೇಲೆ ನಾಯಿಯೇ ಕುಳಿತಿತ್ತು. ಗ್ರಾಮಾಫೋನಿನ ಕೊಳವೆಗೆ ಕಿವಿಗೊಟ್ಟು ಕುಳಿತ ಬಿಳಿ ನಾಯಿಯ ಚಿತ್ರ ನೆನಪಿದೆಯಲ್ಲ? ಅದರ ಹೆಸರು ನಿಪ್ಪರ್. ಇಂಗ್ಲೆಂಡಿನ ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದ, ನಾಯಿ ಸತ್ತ ಮೇಲೆ ಆ ಚಿತ್ರ ಬರೆದ. ಮೊದಲು ಬರೆದದ್ದು ಬೇರೆ ಯಂತ್ರದ ಮುಂದೆ ಕುಳಿತಂತೆ. ಗ್ರಾಮಾಫೋನ್ ಕಂಪನಿ ಚಿತ್ರ ಕೊಳ್ಳಲು ಒಪ್ಪಿದಾಗ, 1899ರಲ್ಲಿ, ಹಳೆಯ ಯಂತ್ರ ಅಳಿಸಿ ಗ್ರಾಮಾಫೋನ್ ಬರೆದುಕೊಟ್ಟ. ಹಿಸ್ ಮಾಸ್ಟರ್ಸ್ ವಾಯ್ಸ್, ಅಂದರೆ ಒಡೆಯನ ದನಿ ಎಂಬ ಹೆಸರು ಆ ಚಿತ್ರದ್ದೇ. ಎಚ್‌ಎಂವಿ ಎಂದರೆ ಅದೇ. ಆಮೇಲೆ ಕೀಲಿ ಕೊಟ್ಟು ಹಾಡಿಸುವ ಸೂಟ್‌ಕೇಸಿನಂಥ ಗ್ರಾಮಾಫೋನೂ ಬಂತು. ಸೆಲ್ ಬೇಡ, ಕರೆಂಟ್ ಬೇಡ. ಆದರೆ ಅದು ಗೌಡರ, ದೇಸಾಯರ ಮನೆಯ ಕಟ್ಟೆಯವರೆಗೆ ಹೊತ್ತುಕೊಂಡು ಹೋಗುವ ವಸ್ತು. ನಡೆಯುತ್ತ ಕೇಳಿದರೆ ಮುಳ್ಳು ಪ್ಲೇಟಿನ ಮೇಲೆ ನಿಲ್ಲುವುದಿಲ್ಲ. ಹೀಗಾಗಿ ಎಚ್‌ಎಂವಿಯ ನಾಯಿ ಕುಳಿತೇ ಹಾಡು ಕೇಳಿತು. ಕುರಿಗಾಹಿಯ ನಾಯಿಗೆ ಕುಳಿತುಕೊಳ್ಳಲು ಪುರುಸೊತ್ತೆಲ್ಲಿ?

ರೇಡಿಯೊ ಬಂದದ್ದೂ ಮೊದಲು ಕೂರಲೆಂದೇ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. ಇವತ್ತು ಇಡೀ ದೇಶ ಬಳಸುವ ಆಕಾಶವಾಣಿ ಎಂಬ ಹೆಸರು ಆ ನಿಲಯದ್ದು. ಧಾರವಾಡ ನಿಲಯ 1950ರ ಜನವರಿಯಲ್ಲಿ ಆರಂಭವಾಯಿತು. ಆಗಿನ ರೇಡಿಯೊದೊಳಗೆ ಗಾಜಿನ ವಾಲ್ವುಗಳಿದ್ದವು. ಅವು ಬಿಸಿಯಾಗದೆ ದನಿ ಹೊರಡುತ್ತಿರಲಿಲ್ಲ, ಬಿಸಿಯಾಗಲು ಕರೆಂಟ್ ಬೇಕು, ಇಲ್ಲವೇ ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿ ಬೇಕು. ಪಂಚಾಯ್ತಿ ಕಟ್ಟೆಯ ರೇಡಿಯೊ ಮುಂದೆ ಊರೇ ಸೇರುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಊರಿನೊಳಗೆ ಕುರಿಗಾಹಿ ಇರಲಿಲ್ಲ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಅವನು ಇನ್ನೊಬ್ಬರ ಹೊಲದಲ್ಲಿ.

ಅವನ ಬಳಿಗೆ ಹಾಡನ್ನು ತಂದದ್ದು ಒಂದು ಸಣ್ಣ ಚೂರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರಿನಲ್ಲಿ ಬಾರ್ಡೀನ್, ಬ್ರಾಟನ್ ಇಬ್ಬರೂ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡುವಂತೆ ಮಾಡಿದರು. ಅವರ ಮೇಲಿನ ಶಾಕ್ಲಿಯೂ ಸೇರಿ ಮೂವರಿಗೆ 1956ರಲ್ಲಿ ನೊಬೆಲ್ ಬಂತು. ವಾಲ್ವ್ ಮಾಡುವ ಕೆಲಸವನ್ನೇ ಇದು ಬಿಸಿಯಾಗದೆ, ಕಾಳಿನಷ್ಟು ಜಾಗದಲ್ಲಿ, ನಾಲ್ಕು ಸಣ್ಣ ಸೆಲ್ಲಿನ ಬಲದಲ್ಲಿ ಮಾಡುತ್ತದೆ. ಅಂಗಡಿಗೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೊ ಅಮೆರಿಕದ್ದೇ, 1954ರಲ್ಲಿ. ಬೆಲೆ ಸುಮಾರು 50 ಡಾಲರ್. ಅದರೊಳಗೆ ಇದ್ದದ್ದು ನಾಲ್ಕೇ ಟ್ರಾನ್ಸಿಸ್ಟರ್. ಮುಂದಿನ ವರ್ಷಗಳಲ್ಲಿ ಜಪಾನಿನ ಸೋನಿ ಅದನ್ನು ಜಗತ್ತಿಗೆಲ್ಲ ಹಂಚಿತು. ನಮ್ಮಲ್ಲಿ ಮರ್ಫಿ, ಬುಶ್, ಫಿಲಿಪ್ಸ್ ಹೆಸರಿನಲ್ಲಿ ಅದು ಊರಿಗೆ ಬಂತು. ನಮ್ಮ ಅಜ್ಜಂದಿರು ಟ್ರಾನ್ಸಿಸ್ಟರ್ ಎಂದರೆ ಒಳಗಿನ ಚೂರು ಅಲ್ಲ, ಇಡೀ ಡಬ್ಬಿ. ಅದೇ ಸರಿ ಎನ್ನಿ.

ಇಲ್ಲಿ ಒಂದು ಸರ್ಕಾರಿ ತಮಾಷೆಯನ್ನೂ ಹೇಳಬೇಕು. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಬೇಕು. 1980ರ ದಶಕದಲ್ಲಿ ಅದು ಹೋಯಿತು. ಇಂದು ಒಂದು ಹೊಲ, ನಾಳೆ ಇನ್ನೊಂದು ಹೊಲ ಎನ್ನುವವನಿಗೆ ಯಾವ ಅಂಚೆ ಕಚೇರಿ? “ನೀವು ಕಟ್ಟಿದ್ರೇನ್ರಿ?” ಎಂದದ್ದಕ್ಕೆ ಅಜ್ಜ ನಕ್ಕರು, ಬಾಯಿ ಬಿಡಲಿಲ್ಲ.

ಹಾಡಿಗೂ ಆಗ ಕಾಟ ಇತ್ತು. ಕೇಂದ್ರದಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾಗಿದ್ದಾಗ, 1952ರಿಂದ ಕೆಲವು ವರ್ಷ, ಆಕಾಶವಾಣಿ ಸಿನಿಮಾ ಹಾಡನ್ನು ಹತ್ತಿರ ಸೇರಿಸಲಿಲ್ಲ. ಜನ ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಅಮೀನ್ ಸಯಾನಿಯ ದನಿ ದೇಶವೆಲ್ಲ ಹಬ್ಬಿದ್ದು ಆಗಲೇ. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಟ್ರಾನ್ಸಿಸ್ಟರ್ ನಮ್ಮ ಕಡೆ ಅಗ್ಗವಾಗಿ ಕುರಿಗಾಹಿಯ ಕೊರಳಿಗೆ ಬರುವ ಹೊತ್ತಿಗೆ ಹಾಡು ರೇಡಿಯೊಗೆ ವಾಪಸ್ ಬಂದಿತ್ತು.

ಈಗ ಅಜ್ಜನ ರೇಡಿಯೊಗೆ ಬರೋಣ. ಅವರು ಹೇಳಿದ್ದರಲ್ಲಿ ನಮಗೆ ಅತಿ ಹೆಚ್ಚು ಹಿಡಿಸಿದ್ದು ದಿಕ್ಕಿನ ಮಾತು. ಗದಗಿನಿಂದ ಧಾರವಾಡದ ಕಡೆ ಮುಖ ಮಾಡಿ ನಡೆದರೆ ಹಾಡು ಖಡಕ್ ಕೇಳುತ್ತಿತ್ತಂತೆ. ಅದೇ ರೋಣದ ಕಡೆ ತಿರುಗಿದರೆ ದನಿ ಸಣ್ಣದಾಗುತ್ತಿತ್ತಂತೆ. ಆಗ ರೇಡಿಯೊವನ್ನು ಎದೆ ಮೇಲಿಂದ ಸರಿಸಿ ಪಕ್ಕೆಗೆ ಹಾಕಿಕೊಳ್ಳುತ್ತಿದ್ದರಂತೆ. “ಧಾರವಾಡ ಎಲ್ಲೈತಿ ಅಂತ ಕುರಿ ಕಾಯೋರಿಗೆ ಗೊತ್ತಾಗ್ತಿತ್ತು,” ಎಂದರು.

ಇದು ಅಜ್ಜನ ಕಲ್ಪನೆಯಲ್ಲ. ಮೀಡಿಯಂ ವೇವ್ ಹಿಡಿಯುವ ರೇಡಿಯೊದೊಳಗೆ ಒಂದು ಕಪ್ಪು ಕಡ್ಡಿ ಇರುತ್ತದೆ, ಅದರ ಸುತ್ತ ತಾಮ್ರದ ತಂತಿ ಸುತ್ತಿರುತ್ತಾರೆ. ಅದು ಫೆರೈಟ್ ಎಂಬ ವಸ್ತುವಿನದು. ಒಳಗಿನ ಆಂಟೆನಾ ಅದೇ. ಆ ಕಡ್ಡಿಯ ಮೈ ನಿಲಯದ ಕಡೆ ಇದ್ದರೆ ಅಲೆ ಚೆನ್ನಾಗಿ ಸಿಗುತ್ತದೆ. ಕಡ್ಡಿಯ ತುದಿ ನಿಲಯದ ಕಡೆ ಇದ್ದರೆ ಸಿಗುವುದಿಲ್ಲ. ಕಡ್ಡಿ ಡಬ್ಬಿಯ ಉದ್ದಕ್ಕೆ ಅಡ್ಡ ಮಲಗಿರುತ್ತದೆ. ಎದೆ ಮೇಲೆ ರೇಡಿಯೊ ಇಟ್ಟುಕೊಂಡು ಧಾರವಾಡದ ಕಡೆ ನಡೆದರೆ ಕಡ್ಡಿಯ ಮೈ ಆ ಕಡೆ. ಉತ್ತರಕ್ಕೆ ಹೊರಳಿ ರೋಣದ ದಾರಿ ಹಿಡಿದರೆ ಧಾರವಾಡ ಎಡಗೈ ಕಡೆ ಬರುತ್ತದೆ, ಕಡ್ಡಿಯ ತುದಿ ಅದಕ್ಕೆ ನೆಟ್ಟಗೆ. ಮನೆಯಲ್ಲಿ ಹಳೆಯ ರೇಡಿಯೊ ಇದ್ದರೆ ತಿರುಗಿಸಿ ನೋಡಿ, ನಿಮಗೇ ತಿಳಿಯುತ್ತದೆ.

ರಾತ್ರಿಯ ಲೆಕ್ಕ ಬೇರೆ. ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವ್ ಅಲೆಗಳು ಮೇಲೆ ಹೋಗಿ, ಆಕಾಶದ ಎತ್ತರದ ಪದರಕ್ಕೆ ತಾಗಿ, ಬಹಳ ದೂರದಲ್ಲಿ ಇಳಿಯುತ್ತವೆ. ಹಗಲು ಆ ಪದರದ ಕೆಳಗೆ ಇನ್ನೊಂದು ಪದರ ಅವನ್ನು ನುಂಗಿಹಾಕುತ್ತದೆ. ಅದಕ್ಕೇ ಹೊಲದಲ್ಲಿ ಕುರಿ ತರುಬಿ ಮಲಗಿದಾಗ, ಹಗಲು ಸುಳಿವೇ ಇಲ್ಲದ ಮರಾಠಿ, ತೆಲುಗು, ತಮಿಳು ನಿಲಯಗಳು ಒಂದರ ಮೇಲೊಂದು ಬಂದು ಕೂರುತ್ತಿದ್ದವು. ಭಾಷೆ ತಿಳಿಯದಿದ್ದರೂ ಬಂದ್ ಮಾಡುತ್ತಿರಲಿಲ್ಲವಂತೆ. ಯಾಕೆ?

ತೋಳಕ್ಕೆ. ಹಟ್ಟಿಯ ಬಲೆಯ ಹೊರಗೆ ಮನುಷ್ಯನ ಮಾತು ಕೇಳುತ್ತಿದ್ದರೆ ಇಲ್ಲಿ ಯಾರೋ ಎದ್ದಿದ್ದಾರೆ ಎಂದು ತೋಳ ತಿಳಿಯಲಿ ಎಂಬುದು ಅಜ್ಜನ ಲೆಕ್ಕ. ತಾನು ಕಂಬಳಿಯೊಳಗೆ ಕಣ್ಣು ಮುಚ್ಚಿದ್ದರೂ ತೆಲುಗಿನಲ್ಲಿ ಯಾರೋ ವಾರ್ತೆ ಓದುತ್ತಿರುತ್ತಾರೆ. ಎಷ್ಟು ತೋಳ ಮೋಸ ಹೋದವೋ ಹೇಳಲಾಗದು. ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿದ ನಾಯಿ ಪಕ್ಕದಲ್ಲಿದ್ದದ್ದೇ ನಿಜವಾದ ಕಾವಲು ಎಂದು ನಮಗೆ ಅನಿಸುತ್ತದೆ. ಅಜ್ಜನೂ ಅದನ್ನು ಒಪ್ಪುತ್ತಾರೆ, ಆದರೆ ರೇಡಿಯೊವನ್ನು ಬಿಟ್ಟುಕೊಡುವುದಿಲ್ಲ.

ಸೆಲ್ಲಿನ ಸಂಸಾರವೂ ಕೇಳುವಂಥದ್ದೇ. ಹೊಸ ಸೆಲ್ ಮೊದಲು ಬ್ಯಾಟರಿಗೆ (ನಮ್ಮ ಊರುಗಳಲ್ಲಿ ಟಾರ್ಚಿಗೆ ಬ್ಯಾಟರಿ ಎನ್ನುತ್ತೇವಲ್ಲ, ಅದಕ್ಕೆ). ಬೆಳಕು ಮಂದವಾದ ಮೇಲೆ ಅದೇ ಸೆಲ್ ರೇಡಿಯೊಗೆ. ಬಲ್ಬಿಗೆ ಬೇಕಾದಷ್ಟು ಕರೆಂಟ್ ರೇಡಿಯೊಗೆ ಬೇಡ, ಹಾಗಾಗಿ ಬ್ಯಾಟರಿಗೆ ಸತ್ತ ಸೆಲ್ ರೇಡಿಯೊದಲ್ಲಿ ಇನ್ನೂ ಕೆಲವು ವಾರ ಬದುಕುತ್ತಿತ್ತು. ಅದೂ ಸತ್ತರೆ ಬಿಸಿಲಿಗೆ ಇಡುವುದು, ಹಲ್ಲಲ್ಲಿ ಕಚ್ಚುವುದು. ಕಚ್ಚುವುದನ್ನು ನಮ್ಮ ಮನೆಗಳಲ್ಲೂ ಕಂಡಿದ್ದೇವೆ, ಮಕ್ಕಳು ಮಾಡಬೇಡಿ, ಒಳಗಿರುವುದು ವಿಷ. ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ಬೆಳಕು, ಆಮೇಲೆ ಹಾಡು. ಕಾವಲಿನ ಉಳಿಕೆಯಲ್ಲಿ ಸಂಗೀತ.

ಈ ಕಾಲದಲ್ಲೂ ಹಾಡು ಬಯಲಲ್ಲೇ ಇತ್ತು. ಅಜ್ಜ ಕೇಳಿದ್ದನ್ನು ಕುರಿಯೂ ಕೇಳುತ್ತಿತ್ತು, ನಾಯಿಯೂ ಕೇಳುತ್ತಿತ್ತು. ನಾಯಿಗೆ ಸಂಗೀತ ತಿಳಿಯುತ್ತದೆಯೇ ಎಂದು ನೀವು ನಗಬಹುದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆಶ್ರಯಧಾಮದ ನಾಯಿಗಳು ಶಾಸ್ತ್ರೀಯ ಸಂಗೀತ ಹಾಕಿದಾಗ ಹೆಚ್ಚು ಹೊತ್ತು ಸುಮ್ಮನೆ ಮಲಗಿದವು, ಅಬ್ಬರದ ಹೆವಿ ಮೆಟಲ್ ಹಾಕಿದಾಗ ಹೆಚ್ಚು ಬೊಗಳಿದವು. ಅವು ಪಂಜರದ ನಾಯಿಗಳು, ಕೆಲಸದ ನಾಯಿಗಳಲ್ಲ. ಅಜ್ಜನ ಅನುಭವ ಬೇರೆ: ರೇಡಿಯೊ ಎಲ್ಲಿ ಕೇಳುತ್ತದೋ ಅಲ್ಲಿ ಯಜಮಾನ ಇದ್ದಾನೆ ಎಂದು ನಾಯಿ ತಿಳಿಯುತ್ತಿತ್ತು. ಜೋಳದ ಬೆಳೆಯ ಆಚೆ ಹೋದರೂ ಹಾಡಿನ ಗುರುತು ಹಿಡಿದು ವಾಪಸ್ ಬರುತ್ತಿತ್ತು. ಎಚ್‌ಎಂವಿ ಚಿತ್ರದ ಒಡೆಯನ ದನಿ ಇದೇ ಇರಬೇಕು.

ಇನ್ನು ಕ್ಯಾಸೆಟ್ಟಿನ ಕಾಲ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಸಣ್ಣ ಡಬ್ಬಿ ಕನ್ನಡದ ಹಾಡಿನ ಲೋಕವನ್ನೇ ಬದಲಿಸಿತು. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಕ್ಯಾಸೆಟ್ ಆಯಿತು. ಆಮೇಲೆ ಡೊಳ್ಳಿನ ಪದ, ಭಜನೆ ಪದ, ಸಣ್ಣಾಟದವರೆಗೆ ಎಲ್ಲವೂ ಬಸ್‌ಸ್ಟ್ಯಾಂಡಿನಲ್ಲಿ ಸಿಗತೊಡಗಿದವು. ಮೊದಲ ಸಲ ಕುರಿಗಾಹಿಯ ಸ್ವಂತ ದೇವರ ಹಾಡು ಯಂತ್ರದಿಂದ ಕೇಳಿತು. ಆದರೆ ಅದು ಹೊಲಕ್ಕೆ ಬರಲಿಲ್ಲ. ಟೇಪ್‌ರೆಕಾರ್ಡರಿನೊಳಗೆ ಸುತ್ತುವ ಮೋಟರ್ ಇದೆ, ಅದು ಸೆಲ್ಲನ್ನು ತಿಂದುಹಾಕುತ್ತದೆ. ಕ್ಯಾಸೆಟ್ ಚಹಾದಂಗಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಉಳಿಯಿತು.

ಅದೇ ಹೊತ್ತಿಗೆ ಜಪಾನಿನಲ್ಲಿ ಇನ್ನೊಂದು ಸಂಗತಿ ನಡೆಯಿತು. 1979ರ ಜುಲೈ 1ರಂದು ಸೋನಿ ಕಂಪನಿ ವಾಕ್‌ಮನ್ ಮಾರಾಟಕ್ಕಿಟ್ಟಿತು. ಬೆಲೆ 33,000 ಯೆನ್. ಅದರಲ್ಲಿ ಸ್ಪೀಕರ್ ಇರಲಿಲ್ಲ, ಕಿವಿಗೆ ಹಾಕಿಕೊಂಡೇ ಕೇಳಬೇಕು. ಅದಕ್ಕೆ ಮೊದಲೇ, 1972ರಲ್ಲಿ, ಆಂಡ್ರಿಯಾಸ್ ಪಾವೆಲ್ ಎಂಬಾತ ಸೊಂಟಕ್ಕೆ ಕಟ್ಟಿಕೊಳ್ಳುವ ಇಂಥದೇ ಯಂತ್ರ ಮಾಡಿಕೊಂಡು ಸ್ವಿಟ್ಜರ್ಲೆಂಡಿನ ಹಿಮದ ಕಾಡಿನಲ್ಲಿ ನಡೆಯುತ್ತ ಹಾಡು ಕೇಳಿದ್ದ. ಸೋನಿಯ ಜೊತೆ ಅವನ ಜಗಳ ಕೋರ್ಟಿನಲ್ಲಿ ಬಹಳ ವರ್ಷ ನಡೆಯಿತು. ನಮಗೆ ಮುಖ್ಯವಾದದ್ದು ಜಗಳವಲ್ಲ, ಮೊದಲ ವಾಕ್‌ಮನ್ ಮೇಲಿದ್ದ ಒಂದು ಕಿತ್ತಳೆ ಬಣ್ಣದ ಬಟನ್. ಅದನ್ನು ಒತ್ತಿದರೆ ಹಾಡಿನ ದನಿ ಇಳಿದು, ಸಣ್ಣ ಮೈಕಿನ ಮೂಲಕ ಹೊರಗಿನ ಮಾತು ಕಿವಿಗೆ ಬರುತ್ತಿತ್ತು. ಒಬ್ಬನೇ ಕೇಳುವುದು ಸರಿಯಲ್ಲ ಎಂದು ಸೋನಿಯ ಮುಖ್ಯಸ್ಥ ಅಕಿಯೊ ಮೊರಿಟಾಗೆ ಅನಿಸಿತ್ತು, ಅದಕ್ಕೇ ಇಬ್ಬರು ಕೇಳುವಂತೆ ಎರಡು ತೂತನ್ನೂ ಇಡಿಸಿದ್ದ. ಜನ ಇವನ್ನು ಬಳಸಲೇ ಇಲ್ಲ. ಮುಂದಿನ ಮಾದರಿಗಳಲ್ಲಿ ಆ ಬಟನ್ ಹೋಯಿತು. ಕಿವಿ ಮುಚ್ಚಿಕೊಳ್ಳುವುದೇ ಜನರಿಗೆ ಬೇಕಾಗಿತ್ತು.

ಜಗತ್ತನ್ನೇ ಬದಲಿಸಿದ ಈ ಯಂತ್ರ ನಮ್ಮ ಕುರಿಹಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಅಲ್ಲಿ ಕಿವಿ ಮುಚ್ಚಿದ್ದು ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ, ಬೇರೆಯೇ ದಾರಿಯಿಂದ.

ಮೊಬೈಲ್ ಬಂತು. ಅದರಲ್ಲಿ ಎಫ್‌ಎಂ ಇತ್ತು, ಅಜ್ಜ ಕೇಳುತ್ತಿದ್ದ ಮೀಡಿಯಂ ವೇವ್ ಇರಲಿಲ್ಲ. ಎಫ್‌ಎಂ ಹಿಡಿಯಲು ಉದ್ದನೆಯ ತಂತಿ ಬೇಕು. ಸಣ್ಣ ಮೊಬೈಲಿನಲ್ಲಿ ಅದಕ್ಕೆ ಜಾಗ ಎಲ್ಲಿ? ಕಿವಿಗೆ ಹಾಕುವ ವೈರನ್ನೇ ಆಂಟೆನಾ ಮಾಡಿದರು. ವೈರ್ ಸಿಕ್ಕಿಸದಿದ್ದರೆ ಹೆಚ್ಚಿನ ಸೆಟ್ಟುಗಳು ಎಫ್‌ಎಂ ತೆರೆಯುತ್ತಲೇ ಇರಲಿಲ್ಲ. ಹೀಗೆ ಇಯರ್‌ಫೋನ್ ಬೇಡವೆಂದವರ ಮನೆಗೂ ಇಯರ್‌ಫೋನ್ ಬಂತು. ಆಮೇಲೆ ಚಿಪ್ಪಿನ ಕಾಲ. ಸಂತೆಯ ದಿನ ಮೊಬೈಲ್ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿನ ತುಂಬ ಹಾಡು. ಇವೆಲ್ಲ ನಿಮಗೆ ಗೊತ್ತಿರುವುದೇ, ನಮ್ಮಲ್ಲಿ ಒಬ್ಬರು ರಜೆಯಲ್ಲಿ ಅಂಥ ಅಂಗಡಿಯಲ್ಲೇ ಕೂತು ಹಾಡು ತುಂಬಿಸಿಕೊಟ್ಟಿದ್ದಾರೆ. ಚೀನಾ ಸೆಟ್ಟಿನ ಸ್ಪೀಕರ್ ಅಂತೂ ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು, ಆಗ ಬೈದವರೂ ನಾವೇ. ಈಗ ಅನಿಸುತ್ತದೆ, ಆ ಅರಚುವ ಸೆಟ್ಟು ಅಜ್ಜನ ರೇಡಿಯೊದ ವಂಶದ್ದು.

ಈ ಹಿಂಡಿನ ಹಿಂದೆ ಈಗ ನಡೆಯುವುದು ಅಜ್ಜನ ಮೊಮ್ಮಗ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಹೋದ ವರ್ಷ ಯುಗಾದಿಗೆ ಮುಂಚೆ, ಮುಸ್ಸಂಜೆ ಹೊತ್ತಿನಲ್ಲಿ, ಎರಡೂ ಕಿವಿಗೆ ವೈರ್ ಹಾಕಿಕೊಂಡು ಹಿಂಡಿನ ಹಿಂದೆ ಬರುತ್ತಿದ್ದ. ಹಳ್ಳದ ಕಡೆಯಿಂದ ನಾಯಿ ಬೊಗಳಿತು. ನಾಯಿಯ ಬೊಗಳುವಿಕೆಯಲ್ಲಿ ವ್ಯತ್ಯಾಸ ಇದೆ ಎಂದು ಕುರಿ ಕಾಯುವವರು ಹೇಳುತ್ತಾರೆ. ದಾರಿಹೋಕನಿಗೆ ಒಂದು, ಬೇರೆ ನಾಯಿಗೆ ಒಂದು, ತೋಳಕ್ಕೆ ಒಂದು. ಅಂದು ಬೊಗಳಿದ್ದು ಮೂರನೆಯದು. ಮುಂದೆ ಇದ್ದ ಅಜ್ಜನಿಗೆ ಕೇಳಿತು. ಹತ್ತಿರವೇ ಇದ್ದ ಹುಡುಗನಿಗೆ ಕೇಳಲಿಲ್ಲ. ಅಜ್ಜ ಕೂಗಿದ್ದೂ ಕೇಳಲಿಲ್ಲ. ಮೂರು ಮರಿ ಹೋದವು. ಒಂಟಿಯಾಗಿ ಎದುರು ಬಿದ್ದ ನಾಯಿಯ ತೊಡೆ ಹರಿದಿತ್ತು. ಅದು ಉಳಿಯಿತು, ಈಗಲೂ ಸ್ವಲ್ಪ ಕುಂಟುತ್ತದೆ. ನಾವು ಅದನ್ನು ಕಂಡೆವು.

ಇದನ್ನು ಹೇಳಿದ್ದು ಅಜ್ಜ ಅಲ್ಲ. ಹುಡುಗನೇ ಹೇಳಿದ. ಮರಿಯ ಲೆಕ್ಕಕ್ಕಿಂತ ನಾಯಿಯ ಮಾತು ಬಂದಾಗ ಅವನ ದನಿ ಇಳಿಯಿತು. “ಅದು ನನ್ನ ಕರೀತಿತ್ರಿ,” ಎಂದ. ಮೊಬೈಲ್ ಎರಡು ತಿಂಗಳು ಅಜ್ಜನ ಚೀಲದಲ್ಲಿತ್ತಂತೆ.

ನಾವು ಪತ್ರಿಕೋದ್ಯಮ ಓದಿದವರು, ಇಂಥ ಕಡೆ ಉಪದೇಶ ಮಾಡುವ ಚಟ ಇದೆ. ಮಾಡಲು ಹೋದೆವು. ಹುಡುಗ ಕೇಳಿದ: “ನೀವ್ ಬೆಂಗ್ಳೂರ್ ಬಸ್ಸಿನ್ಯಾಗ ಹಾಕ್ಕೊಳ್ಳಂಗಿಲ್ಲೇನ್ರಿ?” ಹಾಕಿಕೊಳ್ಳುತ್ತೇವೆ. ದಿನಕ್ಕೆ ಹತ್ತು ಗಂಟೆ, ಮಾತಾಡಲು ಯಾರೂ ಇಲ್ಲದೆ, ಬಿಸಿಲಲ್ಲಿ ನಡೆಯುವ ಹುಡುಗನಿಗೆ ಹಾಡು ಬಿಡು ಎನ್ನಲು ನಮಗೆ ಬಾಯಿ ಬರಲಿಲ್ಲ. ಸ್ಪೀಕರಿನಲ್ಲೇ ಹಾಕು ಎಂದರೆ ಅದೂ ಆಗದು. ಹೊಲದವರು ಬೈಯುತ್ತಾರೆ, ಚಾರ್ಜ್ ಬೇಗ ಮುಗಿಯುತ್ತದೆ, ಮುಂದಿನ ಊರಿನ ಪರಿಚಯದವರ ಮನೆ ಸಿಗುವವರೆಗೆ ಚಾರ್ಜರ್ ಸಿಕ್ಕಿಸಲು ಜಾಗ ಇಲ್ಲ.

ಎರಡನೆಯ ದಿನ ಸಂಜೆ ಅವನ ಪಕ್ಕದಲ್ಲೇ ನಡೆದೆವು. ವೈರ್ ಇತ್ತು. ಒಂದು ಗುಂಡಿ ಎಡಗಿವಿಯಲ್ಲಿ, ಇನ್ನೊಂದು ಅಂಗಿಯ ಗುಂಡಿಕಾಜಿಗೆ ಸಿಕ್ಕಿಸಿತ್ತು. ಅಜ್ಜನ ಜೊತೆ ಹೀಗೆ ಒಪ್ಪಂದವಾಗಿದೆ ಎಂದ.

“ಯಾವಾಗ್ಲೂ ಎಡಗಿವಿನೇ ಏನಪ್ಪಾ?”

“ಹಂಗೇನಿಲ್ರಿ. ನಾಯಿ ಯಾವ ಕಡೆ ಇರತೈತೋ ಆ ಕಡೀ ಕಿವಿ ಖಾಲಿ.”

ಸ್ವಲ್ಪ ಮುಂದೆ ಬದು ದಾಟುವಾಗ ನಾಯಿ ಕುಂಟುತ್ತ ಹಿಂಡಿನ ಎಡಕ್ಕೆ ಹೋಯಿತು. ಅವನು ಮಾತು ನಿಲ್ಲಿಸದೆಯೇ ವೈರ್ ತೆಗೆದು ಬಲಗಿವಿಗೆ ಹಾಕಿಕೊಂಡ.